ಅಂಗವಿಕಲರಿಗೆ ಸೇವೆ ನಿಜವಾಗಿ ತಲುಪಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜನ ಬಂದು ಹೋಗುವ ಜಾಗ ನಡೆಸುವವರು, ಕೌಂಟರಿನ ಹಿಂದೆ ಕೂತು ಕೆಲಸ ಮಾಡುವವರು, ಮನೆಯಲ್ಲಿ ಅಂಗವಿಕಲರಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನನ್ನ ಅಣ್ಣನಿಗೆ ಬೆನ್ನುಹುರಿಗೆ ಪೆಟ್ಟಾಗಿ 14 ವರ್ಷ ಆಯಿತು. ಅಂದಿನಿಂದ ಅವನು ವೀಲ್‌ಚೇರ್ ಬಳಸುತ್ತಾನೆ. ಅವನ ಜೊತೆ ಓಡಾಡಿ, ಅವನ ಗೆಳೆಯರಿಂದ ಕೇಳಿ ಕಲಿತದ್ದೇ ಇದರಲ್ಲಿ ಜಾಸ್ತಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಂದವರು ರಸ್ತೆಯಿಂದ ಒಳಗೆ ಬರಬೇಕು, ತಮ್ಮ ಮಾತು ತಾವೇ ಹೇಳಬೇಕು, ಕೆಲಸ ಮುಗಿಸಿಕೊಂಡು ಯಾರ ಕೈಕಾಲೂ ಹಿಡಿಯದೆ ವಾಪಸ್ ಹೋಗಬೇಕು. ಅಷ್ಟಾದರೆ ಮಾತ್ರ ಸೇವೆ ಸಿಕ್ಕಿತು ಅಂತ ಲೆಕ್ಕ. ಮುಂದಿನ ಉತ್ತರಗಳನ್ನೆಲ್ಲ ಇದೇ ಅಳತೆಗೋಲು ಇಟ್ಟುಕೊಂಡು ಬರೆದಿದ್ದೇನೆ.

ಅಂಗವಿಕಲರು, ವಿಕಲಚೇತನರು, ವಿಶೇಷಚೇತನರು: ಯಾವುದು ಸರಿ?

ಮೂರೂ ಬಳಕೆಯಲ್ಲಿವೆ. 'ವಿಶೇಷಚೇತನ' ಅಂದರೆ ಕೆಲವರಿಗೆ ಇಷ್ಟ. ಇನ್ನು ಕೆಲವರು, 'ನನ್ನಲ್ಲಿ ವಿಶೇಷ ಏನೂ ಇಲ್ಲ, ನನಗೆ ಮೆಟ್ಟಿಲು ಹತ್ತೋಕಾಗಲ್ಲ, ಅಷ್ಟೇ' ಅನ್ನುತ್ತಾರೆ. 'ವಿಕಲಚೇತನ' ಅಂದರೆ ಚೇತನವೇ ಊನ ಅಂದಂತಾಯಿತು ಎಂದು ಬೇಸರ ಮಾಡಿಕೊಳ್ಳುವವರೂ ಇದ್ದಾರೆ. ಅಣ್ಣ 'ಅಂಗವಿಕಲ' ಅನ್ನುತ್ತಾನೆ, ಹಾಗಾಗಿ ನಾನೂ ಅದನ್ನೇ ಬಳಸುತ್ತೇನೆ. ಎದುರಿಗಿರುವವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಅದೇ ಸರಿ. ಹೆಸರು ಗೊತ್ತಿದ್ದರೆ ಹೆಸರು ಹಿಡಿದು ಕರೆಯಿರಿ. ಕುಂಟ, ಕುರುಡ, ಮೂಗ, ಹುಚ್ಚ ಎಂಬ ಮಾತುಗಳು ಬೇಡವೇ ಬೇಡ. ಅದರಲ್ಲೂ 'ಮೂಗ' ಅನ್ನುವುದು ತಪ್ಪು ಮಾಹಿತಿ ಕೂಡ. ಕೈಯಲ್ಲಿ ಮಾತಾಡುವವರಿಗೆ ಮಾತಿಲ್ಲ ಅನ್ನುವುದು ಹೇಗೆ?

ನಮ್ಮಲ್ಲಿಗೆ ಅಂಗವಿಕಲರು ಬರುವುದೇ ಇಲ್ಲ. ಯಾರಿಗಾಗಿ ಇಷ್ಟೆಲ್ಲ ಮಾಡಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ ಒಂದಲ್ಲ ಒಂದು ಗಣನೀಯ ಅಂಗವೈಕಲ್ಯ ಇದೆ. ಅಂದರೆ ಆರು ಜನರಲ್ಲಿ ಒಬ್ಬರು. ಅವರು ನಿಮ್ಮಲ್ಲಿಗೆ ಬರುತ್ತಿಲ್ಲ ಅಂದರೆ, ಒಮ್ಮೆ ಬಂದು ಮೆಟ್ಟಿಲ ಕೆಳಗಿಂದಲೇ ವಾಪಸ್ ಹೋಗಿರಬಹುದು. ಅಥವಾ ಬಂದಿದ್ದಾರೆ, ನಿಮಗೆ ಕಂಡಿಲ್ಲ. ಕಿವಿ ಸರಿಯಾಗಿ ಕೇಳದವರು, ಮೂರ್ಛೆರೋಗ ಇರುವವರು, ಆಟಿಸಂ ಇರುವವರು ನೋಡಿದ ತಕ್ಷಣ ಗೊತ್ತಾಗುವುದಿಲ್ಲ, ಅಲ್ವಾ?

ರ‍್ಯಾಂಪ್ ಹಾಕಿಸಿದ್ದೇವೆ. ಅಷ್ಟು ಸಾಲದಾ?

ರ‍್ಯಾಂಪ್ ಹೇಗಿದೆ ಅನ್ನುವುದರ ಮೇಲಿದೆ. ಎಲ್ಲ ಕಡೆ ಸಾಮಾನ್ಯವಾಗಿ ಹೇಳುವ ಲೆಕ್ಕ 1ಕ್ಕೆ 12. ಒಂದು ಅಡಿ ಎತ್ತರ ಏರಬೇಕಾದರೆ ರ‍್ಯಾಂಪ್ 12 ಅಡಿ ಉದ್ದ ಇರಬೇಕು. ಎರಡು ಮೆಟ್ಟಿಲು ಸೇರಿ 30 ಸೆಂಟಿಮೀಟರ್ ಆದರೆ 3.6 ಮೀಟರ್ ಉದ್ದ ಬೇಕು. ಜಾಗ ಇಲ್ಲ ಅಂತ ಅದನ್ನೇ ಒಂದೂವರೆ ಮೀಟರಿಗೆ ಇಳಿಸಿದರೆ ಅದು ಜಾರುಬಂಡೆ. ಕೈಯಲ್ಲಿ ಚಕ್ರ ತಳ್ಳುವವರು ಅದನ್ನು ಏರಲಾರರು. ಇಳಿಯುವಾಗ ಮುಂದಕ್ಕೆ ಮುಗ್ಗರಿಸಿ ಬೀಳುತ್ತಾರೆ. ಎರಡೂ ಬದಿ ಕೈಹಿಡಿ ಇರಬೇಕು, ಏಕೆಂದರೆ ಕೆಲವರಿಗೆ ಎಡಗೈ ಮಾತ್ರ ಕೆಲಸ ಮಾಡುತ್ತದೆ, ಕೆಲವರಿಗೆ ಬಲಗೈ ಮಾತ್ರ. ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡ. ಮಳೆ ನೀರು ಬಿದ್ದರೆ ಊರುಗೋಲು ಜಾರುತ್ತದೆ. ತುದಿಯಲ್ಲಿ, ಬಾಗಿಲಿನ ಮುಂದೆ, ಕುರ್ಚಿ ನಿಲ್ಲಿಸಿ ಬಾಗಿಲು ಎಳೆಯುವಷ್ಟು ಸಮತಟ್ಟು ಜಾಗ ಬೇಕು. ಇದನ್ನು ತುಂಬ ಜನ ಮರೆಯುತ್ತಾರೆ.

ಒಮ್ಮೆ ನಾವು ಒಂದು ಕಚೇರಿಗೆ ಹೋಗಿದ್ದೆವು. ರ‍್ಯಾಂಪ್ ಚೆನ್ನಾಗಿತ್ತು. ಅಳತೆ ಸರಿ, ಕೈಹಿಡಿ ಇದೆ, ನೀಲಿ ಫಲಕವೂ ಇದೆ. ಅಣ್ಣ ಒಬ್ಬನೇ ಮೇಲೆ ಹೋದ. ಮೇಲೆ ಹೋದರೆ ಬಾಗಿಲಿಗೆ ಎರಡಿಂಚಿನ ಕಲ್ಲಿನ ಹೊಸ್ತಿಲು. ವೀಲ್‌ಚೇರಿನ ಮುಂದಿನ ಸಣ್ಣ ಚಕ್ರಗಳು ಹೊಸ್ತಿಲಿಗೆ ಬಡಿದು ಅಡ್ಡಕ್ಕೆ ತಿರುಗಿ ನಿಂತವು. ಹಿಂದಕ್ಕೆ ಸರಿದು ಮುಂದಿನ ಚಕ್ರ ಎತ್ತಲು ನೋಡಿದ. ಹಿಂದೆ ಜಾಗ ಇಲ್ಲ, ಇಳಿಜಾರು ಶುರುವಾಗುತ್ತದೆ. ಕೊನೆಗೆ ಯಾರೋ ಇಬ್ಬರು ಬಂದು ಕುರ್ಚಿಯನ್ನು ಎತ್ತಿ ಒಳಗಿಟ್ಟರು. ಒಳಗೆ ಹೋದ ಮೇಲೆ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಷ್ಟು ಉದ್ದದ ರ‍್ಯಾಂಪ್ ಕಟ್ಟಿದವರು ಅದರ ಮೇಲೆ ಒಂದೇ ಒಂದು ಸಲ ಚಕ್ರ ಉರುಳಿಸಿ ನೋಡಿದ್ದರೂ ಸಾಕಿತ್ತು.

ರ‍್ಯಾಂಪ್ ಹಿಂಬಾಗಿಲಲ್ಲಿದ್ದು ಅದಕ್ಕೆ ಬೀಗ ಹಾಕಿದ್ದರೆ, ಕೀಲಿ ಯಾರ ಹತ್ತಿರ ಇದೆ ಅಂತ ಹುಡುಕಿಸುವಂತಿದ್ದರೆ, ಅದು ಇದ್ದೂ ಇಲ್ಲದಂತೆ. ರ‍್ಯಾಂಪಿನ ಬುಡದಲ್ಲಿ ಬೈಕ್ ನಿಲ್ಲಿಸಿದರೂ ಅಷ್ಟೇ.

ಒಳಗೆ ಏನೇನು ನೋಡಿಕೊಳ್ಳಬೇಕು?

ಬಾಗಿಲು ತೆರೆದಾಗ 80ರಿಂದ 90 ಸೆಂಟಿಮೀಟರ್ ಖಾಲಿ ಜಾಗ ಸಿಗಬೇಕು. ವೀಲ್‌ಚೇರ್ ಪೂರ್ತಿ ತಿರುಗಲು ಒಂದೂವರೆ ಮೀಟರ್ ಅಗಲದ ಸುತ್ತು ಬೇಕು. ಕೌಂಟರಿನ ಒಂದು ಭಾಗವನ್ನಾದರೂ ಸಾಮಾನ್ಯ ಮೇಜಿನ ಎತ್ತರಕ್ಕೆ ಇಳಿಸಿ, ಕೆಳಗೆ ಮೊಣಕಾಲು ಹೋಗಲು ಜಾಗ ಬಿಡಿ. ಎತ್ತರದ ಕೌಂಟರಿನ ಮುಂದೆ ವೀಲ್‌ಚೇರಿನಲ್ಲಿ ಕೂತವರಿಗೆ ಕಾಣುವುದು ಬರೀ ಪ್ಲೈವುಡ್. ಕುಬ್ಜರಿಗೂ ಹಾಗೇ.

ಶೌಚಾಲಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಲ್ಲರೂ ಸಂಕೋಚದಿಂದ ಬಿಟ್ಟುಬಿಡುವ ವಿಷಯ ಇದು. ಬಳಸಬಹುದಾದ ಶೌಚಾಲಯ ಇಲ್ಲದ ಕಡೆ ಹೋಗಬೇಕಾದ ದಿನ ಎಷ್ಟೋ ಜನ ಬೆಳಗ್ಗೆಯಿಂದ ನೀರು ಕುಡಿಯುವುದಿಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೆ ಇದು ಅಪಾಯ. ಅವರಿಗೆ ಮೂತ್ರದ ಸೋಂಕು ಮೊದಲೇ ಬೇಗ ತಗಲುತ್ತದೆ, ನೀರು ಕಡಿಮೆ ಕುಡಿದರೆ ಇನ್ನೂ ಹೆಚ್ಚು. ಶೌಚಾಲಯದ ಬಾಗಿಲು ಹೊರಗಡೆಗೆ ತೆರೆಯಬೇಕು, ಇಲ್ಲವೇ ಪಕ್ಕಕ್ಕೆ ಸರಿಯಬೇಕು. ಒಳಗಡೆಗೆ ತೆರೆಯುವ ಬಾಗಿಲಾದರೆ, ಒಳಗೆ ಯಾರಾದರೂ ಬಿದ್ದಾಗ ಅವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ, ಹೊರಗಿನವರು ತೆಗೆಯಲಾರರು. ಕಮೋಡಿನ ಪಕ್ಕ ಕುರ್ಚಿ ನಿಲ್ಲಿಸಲು ಜಾಗ, ಮೈಭಾರ ತಡೆಯುವಷ್ಟು ಗಟ್ಟಿಯಾದ ಹಿಡಿ ಇರಬೇಕು. ತುರ್ತು ಕರೆಯ ಹಗ್ಗ ನೆಲ ಮುಟ್ಟುವಷ್ಟು ಉದ್ದ ಇರಬೇಕು. ಬಿದ್ದವರ ಕೈಗೆ ಎಟುಕಬೇಕಲ್ಲ. ದಯವಿಟ್ಟು ಆ ಕೋಣೆಯಲ್ಲಿ ಪೊರಕೆ, ಬಕೆಟ್ಟು, ಹಳೆ ರಟ್ಟಿನ ಡಬ್ಬಿ ಪೇರಿಸಿಡಬೇಡಿ.

ನೆಲದ ಮೇಲಿನ ಹಳದಿ ಉಬ್ಬು ಟೈಲ್ಸ್ ಅಲಂಕಾರಕ್ಕಲ್ಲ. ಜಪಾನಿನ ಸೆಯಿಚಿ ಮಿಯಾಕೆ ಅದನ್ನು 1965ರಲ್ಲಿ ರೂಪಿಸಿದರು. 1967ರಲ್ಲಿ ಒಕಯಾಮಾ ನಗರದ ಒಂದು ಅಂಧರ ಶಾಲೆಯ ಹತ್ತಿರ ಮೊದಲು ಹಾಕಿದರು. ಉದ್ದ ಗೆರೆ ಇದ್ದರೆ 'ಮುಂದೆ ಹೋಗಿ', ಗುಂಡು ಚುಕ್ಕೆ ಇದ್ದರೆ 'ನಿಲ್ಲಿ, ಮುಂದೆ ಏನೋ ಇದೆ'. ಅದರ ಮೇಲೆ ಹೂಕುಂಡ ಇಡುವುದು, ಅಥವಾ ಅದು ನೇರ ಹೋಗಿ ಕಂಬಕ್ಕೆ ಮುಗಿಯುವುದು, ಎರಡನ್ನೂ ನೋಡಿದ್ದೇನೆ.

ಜೊತೆಗೆ ಬಂದವರ ಹತ್ತಿರ ಮಾತಾಡಿದರೆ ಬೇಗ ಆಗುತ್ತದೆ. ತಪ್ಪೇ?

ತಪ್ಪು. ಇದಕ್ಕೆ ದುಡ್ಡು ಖರ್ಚಿಲ್ಲ, ಆದರೂ ದಿನಾ ಆಗುವ ತಪ್ಪು ಇದೇ.

ಆ ಹೊಸ್ತಿಲಿನ ಕಚೇರಿಯಲ್ಲೇ ಕೌಂಟರಿನವರು ನನ್ನ ಮುಖ ನೋಡಿ, 'ಇವರ ಹೆಸರೇನು?' ಅಂದರು. ಅಣ್ಣ ಹೆಸರು ಹೇಳಿದ. ಅವರು ಬರೆದುಕೊಂಡು ಮತ್ತೆ ನನ್ನನ್ನೇ ಕೇಳಿದರು, 'ಇವರ ವಯಸ್ಸು?' ಅಣ್ಣನೇ ಹೇಳಿದ. 'ಸಹಿ ಹಾಕೋಕೆ ಬರುತ್ತಾ?' ಅದನ್ನೂ ನನಗೇ ಕೇಳಿದರು. ಅಣ್ಣ ಲೆಕ್ಕಪತ್ರದ ಕೆಲಸ ಮಾಡುವವನು, ದಿನಕ್ಕೆ ನಲವತ್ತು ಸಹಿ ಹಾಕುತ್ತಾನೆ. ಆ ಮನುಷ್ಯ ಕೆಟ್ಟವರಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಬಂದವರ ಕಣ್ಣು ನೋಡಿ ಮಾತಾಡಿ. ವೀಲ್‌ಚೇರಿನಲ್ಲಿರುವವರ ಜೊತೆ ಸ್ವಲ್ಪ ಹೊತ್ತು ಮಾತಾಡುವುದಿದ್ದರೆ ನೀವೂ ಒಂದು ಕುರ್ಚಿ ಎಳೆದು ಕೂತುಕೊಳ್ಳಿ. ಮಾತು ತೊದಲುವವರಿದ್ದರೆ ಅವರ ವಾಕ್ಯವನ್ನು ನೀವು ಮುಗಿಸಬೇಡಿ. ಅರ್ಥವಾಗದಿದ್ದರೆ ಆದಂತೆ ತಲೆ ಆಡಿಸಬೇಡಿ. 'ಇನ್ನೊಂದು ಸಲ ಹೇಳಿ' ಅಂದರೆ ಯಾರಿಗೂ ಬೇಜಾರಾಗುವುದಿಲ್ಲ. ವೀಲ್‌ಚೇರನ್ನು ಕೇಳದೆ ತಳ್ಳಬೇಡಿ, ಅದರ ಮೇಲೆ ಕೈ ಊರಿ ನಿಲ್ಲಬೇಡಿ. ಅದು ಅವರ ಮೈಯ ಭಾಗ ಇದ್ದಂತೆ.

ಕಣ್ಣು ಕಾಣದವರಿಗೆ ಹೇಗೆ ಸಹಾಯ ಮಾಡಬೇಕು?

ಮೊದಲು ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ಬೇಕು ಅಂದರೆ ಅವರ ಕೈ ಹಿಡಿದು ಎಳೆಯಬೇಡಿ. ನಿಮ್ಮ ತೋಳನ್ನು ಮೊಣಕೈ ಮೇಲೆ ಅವರೇ ಹಿಡಿದುಕೊಳ್ಳಲಿ. ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ, ನಿಮ್ಮ ಮೈ ಏರುವುದು ಇಳಿಯುವುದು ಅವರಿಗೆ ಗೊತ್ತಾಗುತ್ತದೆ. ಮೆಟ್ಟಿಲು ಬಂದಾಗ 'ಹತ್ತುವ ಮೆಟ್ಟಿಲು' ಅಥವಾ 'ಇಳಿಯುವ ಮೆಟ್ಟಿಲು' ಅಂತ ಬಿಡಿಸಿ ಹೇಳಿ. ಕುರ್ಚಿ ತೋರಿಸಬೇಕಾದರೆ ಅದರ ಬೆನ್ನಿನ ಮೇಲೆ ಅವರ ಕೈ ಇಡಿಸಿ. 'ಅಲ್ಲಿ ಹೋಗಿ' ಅಂತ ಬೆರಳು ತೋರಿಸಿದರೆ ಏನೂ ಉಪಯೋಗವಿಲ್ಲ. ಹೊರಡುವಾಗ 'ನಾನು ಹೊರಟೆ' ಅನ್ನಿ. ಇಲ್ಲದಿದ್ದರೆ ಅವರು ಖಾಲಿ ಗಾಳಿಯ ಜೊತೆ ಮಾತಾಡುತ್ತಿರುತ್ತಾರೆ.

ಸಹಿ ಹಾಕಿಸಲು ಒಂದು ಸುಲಭ ಉಪಾಯ ಇದೆ. ದಪ್ಪ ರಟ್ಟಿನಲ್ಲಿ ಒಂದು ಬೆರಳಷ್ಟು ಅಗಲದ ಉದ್ದ ಕಿಂಡಿ ಕತ್ತರಿಸಿ. ಸಹಿ ಹಾಕುವ ಗೆರೆಯ ಮೇಲೆ ಅದನ್ನಿಟ್ಟರೆ ಕಿಂಡಿಯ ಅಂಚು ಮುಟ್ಟಿಕೊಂಡು ಅವರೇ ಸಹಿ ಹಾಕುತ್ತಾರೆ. ಸಹಿ ಹಾಕುವ ಮೊದಲು ಕಾಗದದಲ್ಲಿ ಏನಿದೆ ಅಂತ ಪೂರ್ತಿ ಓದಿ ಹೇಳಬೇಕು. 'ಸುಮ್ನೆ ಹಾಕಿ, ಎಲ್ಲ ಮಾಮೂಲಿ' ಅನ್ನುವುದು ನ್ಯಾಯವಲ್ಲ.

ಕೆಂಪು ಬಿಳಿ ಪಟ್ಟೆಯ ಕೋಲು ಕಂಡರೆ ಗಮನಿಸಿ. ಹಲವು ದೇಶಗಳಲ್ಲಿ ಅದರ ಅರ್ಥ, ಅವರಿಗೆ ಕಣ್ಣಿನ ಜೊತೆ ಕಿವಿಯ ತೊಂದರೆಯೂ ಇದೆ ಅಂತ. ಅವರಲ್ಲಿ ಹಲವರಿಗೆ ಮಾತಿಗಿಂತ ಸ್ಪರ್ಶವೇ ಮುಖ್ಯ.

ಕಿವುಡರಿಗೆ ಬರೆದು ತೋರಿಸಿದರೆ ಸಾಕಲ್ವಾ?

ಕೆಲವರಿಗೆ ಸಾಕು, ಎಲ್ಲರಿಗೂ ಅಲ್ಲ. ಹುಟ್ಟಿನಿಂದ ಕಿವಿ ಕೇಳದ ಹಲವರಿಗೆ ಸನ್ನೆ ಭಾಷೆಯೇ ಮೊದಲ ಭಾಷೆ. ನಾವು ಬರೆಯುವ ಭಾಷೆ ಅವರಿಗೆ ಎರಡನೆಯದು. ಉದ್ದುದ್ದ ವಾಕ್ಯದ ಅರ್ಜಿ ಅವರಿಗೆ ಕಷ್ಟವಾದರೆ ಅದು ಬುದ್ಧಿಯ ಕೊರತೆ ಅಲ್ಲ. ಸನ್ನೆ ಭಾಷೆ ಜಗತ್ತಿಗೆಲ್ಲ ಒಂದೇ ಅಂತಲೂ ತಿಳಿಯಬೇಡಿ. ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಇಂಗ್ಲಿಷೇ ಇದ್ದರೂ ಅಲ್ಲಿನ ಸನ್ನೆ ಭಾಷೆಗಳು ಪೂರ್ತಿ ಬೇರೆ. ಅಮೆರಿಕದ್ದು ಫ್ರಾನ್ಸಿನ ಸನ್ನೆ ಭಾಷೆಗೆ ಹತ್ತಿರ. ಪ್ರತಿಯೊಂದಕ್ಕೂ ತನ್ನದೇ ವ್ಯಾಕರಣ ಇದೆ.

ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ ಅನ್ನುವ ನಂಬಿಕೆ ದೊಡ್ಡದು. ಕನ್ನಡಿ ಮುಂದೆ ನಿಂತು ದನಿ ಬಿಡದೆ 'ಮರ', 'ಬರ', 'ಪರ' ಅಂತ ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ಥರ ಆಡುತ್ತದೆ. ಅಷ್ಟರ ಮೇಲೆ ಆಸ್ಪತ್ರೆಯಲ್ಲಿ ಔಷಧದ ಪ್ರಮಾಣ ಹೇಳಿದರೆ? ಆಸ್ಪತ್ರೆ, ಪೊಲೀಸ್ ಠಾಣೆ, ನ್ಯಾಯಾಲಯದಂಥ ಕಡೆ ತರಬೇತಿ ಪಡೆದ ದುಭಾಷಿ ಬೇಕೇ ಬೇಕು. ಈಗ ವಿಡಿಯೋ ಕರೆಯಲ್ಲೂ ದುಭಾಷಿಯನ್ನು ಸೇರಿಸಿಕೊಳ್ಳಬಹುದು. ಮನೆಯ ಮಗುವನ್ನು ಮಧ್ಯೆ ಕೂರಿಸಿ ಅಪ್ಪ ಅಮ್ಮನ ಕಾಯಿಲೆ ವಿವರಿಸಲು ಹಚ್ಚಬೇಡಿ. ಇದನ್ನು ನಾನು ಕೈ ಮುಗಿದು ಕೇಳುತ್ತೇನೆ.

ಕೂಗಿ ಕರೆಯುವ ಸರದಿ ಇದ್ದರೆ, ಜೊತೆಗೆ ನಂಬರು ಕಾಣುವ ಫಲಕವನ್ನೂ ಹಾಕಿ. ಫಲಕ ಮಾತ್ರ ಇದ್ದರೆ ಕೂಗಿಯೂ ಕರೆಯಿರಿ. ಒಂದು ಕಿವುಡರಿಗೆ, ಇನ್ನೊಂದು ಅಂಧರಿಗೆ.

ಎಲ್ಲ ಮೊಬೈಲಿನಲ್ಲೇ ಸಿಗುತ್ತಲ್ಲ, ಈಗ ಸುಲಭ ಆಗಿರಬೇಕಲ್ಲ?

ಸರಿಯಾಗಿ ಮಾಡಿದ್ದರೆ ತುಂಬ ಸುಲಭ. ಫೋನುಗಳಲ್ಲೇ ಟಾಕ್‌ಬ್ಯಾಕ್, ವಾಯ್ಸ್‌ಓವರ್ ಎಂಬ, ಪರದೆ ಮೇಲಿರುವುದನ್ನು ಓದಿ ಹೇಳುವ ಸೌಲಭ್ಯ ಬರುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ. ಆದರೆ ಆ್ಯಪ್ ಮಾಡಿದವರು ಗುಂಡಿಗಳಿಗೆ ಹೆಸರು ಕೊಟ್ಟಿರದಿದ್ದರೆ ಸ್ಕ್ರೀನ್ ರೀಡರ್ 'ಬಟನ್, ಬಟನ್, ಬಟನ್' ಅಂತಷ್ಟೇ ಓದುತ್ತದೆ. ಯಾವುದು ಹಣ ಕಳಿಸುವುದು, ಯಾವುದು ರದ್ದು ಮಾಡುವುದು? ಕಾಗದದ ಅರ್ಜಿಯನ್ನು ಫೋಟೋ ತೆಗೆದು ಪಿಡಿಎಫ್ ಮಾಡಿ ಹಾಕಿದರೆ ಓದುವಂಥ ಅಕ್ಷರವೇ ಅದರಲ್ಲಿ ಇರುವುದಿಲ್ಲ. ವಂಕಿವಂಕಿ ಅಕ್ಷರ ತೋರಿಸಿ 'ನೀವು ಮನುಷ್ಯರೇ?' ಅಂತ ಕೇಳುವ ಕ್ಯಾಪ್ಚಾ ಅಂಧರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಕೈ ನಡುಗುವವರು ಓಟಿಪಿ ಒತ್ತುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಬೆರಳಿಲ್ಲದವರಿಗೆ ಬೆರಳಚ್ಚು ಕೇಳುವುದು, ರೆಪ್ಪೆ ಮುಚ್ಚಲಾಗದವರಿಗೆ 'ಕಣ್ಣು ಮಿಟುಕಿಸಿ' ಅನ್ನುವುದು ಇನ್ನೂ ಕಷ್ಟ.

ವೆಬ್‌ಸೈಟ್, ಆ್ಯಪ್‌ಗಳನ್ನು ಅಂಗವಿಕಲರೂ ಬಳಸುವಂತೆ ಮಾಡಲು ಜಗತ್ತಿನಾದ್ಯಂತ ಒಪ್ಪಿದ ಮಾರ್ಗಸೂಚಿ ಇದೆ. ಹೆಸರು ಡಬ್ಲ್ಯುಸಿಎಜಿ. ಅದರ 2.2ನೇ ಆವೃತ್ತಿ 2023ರಲ್ಲಿ ಬಂತು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ಅಂತರ (ಕಾಂಟ್ರಾಸ್ಟ್) ಇರಬೇಕು ಅನ್ನುವಷ್ಟು ಖಚಿತವಾಗಿ ಅದು ಹೇಳುತ್ತದೆ. ನಿಮ್ಮ ಆ್ಯಪ್ ಮಾಡಿಕೊಡುವವರಿಗೆ ಒಪ್ಪಂದದಲ್ಲೇ ಇದನ್ನು ಬರೆದು ಕೇಳಿ. ಜೊತೆಗೆ ಕೌಂಟರನ್ನು ಮುಚ್ಚಬೇಡಿ.

ನೋಡಲು ಚೆನ್ನಾಗೇ ಇರುವವರು ಆದ್ಯತೆ ಕೇಳಿದರೆ?

ನಂಬಿ. ಹತ್ತು ನಿಮಿಷ ನಿಂತರೆ ಕಾಲು ಸೋಲುವವರು, ಗದ್ದಲದಲ್ಲಿ ಗಾಬರಿಯಾಗುವವರು, ಮೂರ್ಛೆ ಬರುವವರು ಹೊರಗೆ ಚೆನ್ನಾಗೇ ಕಾಣುತ್ತಾರೆ. 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಇಂಥವರಿಗಾಗಿ ಸೂರ್ಯಕಾಂತಿ ಚಿತ್ರದ ಹಸಿರು ಕೊರಳಪಟ್ಟಿ ಶುರುವಾಯಿತು. ಅದನ್ನು ಹಾಕಿಕೊಂಡರೆ, 'ನನಗೆ ಸ್ವಲ್ಪ ಸಮಯ ಬೇಕು' ಅಂತ ಸಿಬ್ಬಂದಿಗೆ ತಿಳಿಯುತ್ತದೆ, ಏನೂ ವಿವರಿಸಬೇಕಿಲ್ಲ. ಈಗ ಹಲವು ದೇಶಗಳಲ್ಲಿದೆ. ಪಟ್ಟಿ ಇಲ್ಲದಿದ್ದರೂ ಒಂದು ಕುರ್ಚಿ, ಒಂದು ಸದ್ದಿಲ್ಲದ ಮೂಲೆ ಕೊಡಬಹುದು.

ಪ್ರಮಾಣಪತ್ರ ಕೇಳುವುದು ತಪ್ಪಾ?

ಒಂದು ಸಲ ಕೇಳುವುದು ತಪ್ಪಲ್ಲ. ಬೆಳೆಯದ ಕಾಲನ್ನು, ಮರಳಿ ಬಾರದ ದೃಷ್ಟಿಯನ್ನು ವರ್ಷ ವರ್ಷವೂ ಬಂದು ತೋರಿಸಿ ಅನ್ನುವುದು ತಪ್ಪು. ಹಾಗೆ ಬರಲು ಅವರಿಗೆ ವಾಹನ ಬೇಕು, ಜೊತೆಗೊಬ್ಬರು ಬೇಕು, ಇಬ್ಬರ ಆ ದಿನದ ಕೂಲಿ ಹೋಗುತ್ತದೆ. ಕೈಗೆ ಬರುವ ನೆರವಿನಲ್ಲಿ ಒಂದು ಪಾಲು ಅದನ್ನು ಪಡೆಯುವುದಕ್ಕೇ ಖರ್ಚಾಗುತ್ತದೆ. ಶಾಶ್ವತ ಸ್ಥಿತಿಗೆ ಶಾಶ್ವತ ದಾಖಲೆ ಕೊಡಿ. ಒಂದು ವಿಭಾಗದಲ್ಲಿ ಕೊಟ್ಟ ದಾಖಲೆಯನ್ನು, ಅವರ ಒಪ್ಪಿಗೆ ಪಡೆದು, ಇನ್ನೊಂದು ವಿಭಾಗ ತಾನೇ ತರಿಸಿಕೊಳ್ಳಲಿ.

ಬುದ್ಧಿ ಬೆಳವಣಿಗೆ ನಿಧಾನ ಇರುವವರ ಪರವಾಗಿ ಮನೆಯವರೇ ಎಲ್ಲ ತೀರ್ಮಾನ ಮಾಡಬಹುದಾ?

ಮನೆಯವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಮೊದಲು ಆ ವ್ಯಕ್ತಿಯನ್ನು ಕೇಳಬೇಕು. ವಿಶ್ವಸಂಸ್ಥೆ 2006ರ ಡಿಸೆಂಬರ್ 13ರಂದು ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಇದನ್ನೇ ಹೇಳುತ್ತದೆ. ಕಾನೂನಿನ ಮುಂದೆ ಅವರೂ ಸಮಾನರು, ತೀರ್ಮಾನ ತೆಗೆದುಕೊಳ್ಳಲು ಬೇಕಾದ ಬೆಂಬಲ ಕೊಡಬೇಕು. 180ಕ್ಕೂ ಹೆಚ್ಚು ದೇಶಗಳು ಇದಕ್ಕೆ ಬದ್ಧವಾಗಿವೆ. ಬೆಂಬಲ ಅಂದರೆ ದೊಡ್ಡದೇನೂ ಅಲ್ಲ. ಸಣ್ಣ ವಾಕ್ಯ, ಚಿತ್ರ, ಒಂದು ಸಲಕ್ಕೆ ಒಂದೇ ಪ್ರಶ್ನೆ, ಯೋಚಿಸಲು ಸಮಯ. 'ಎರಡರಲ್ಲಿ ಯಾವುದು ಬೇಕು?' ಅಂತ ಕೇಳಿ ಕಾಯಿರಿ. ಉತ್ತರ ಬರುತ್ತದೆ.

ವೀಲ್‌ಚೇರ್ ಉಚಿತವಾಗಿ ಕೊಟ್ಟೆವು. ಆರು ತಿಂಗಳಲ್ಲಿ ಅದು ಮೂಲೆ ಸೇರಿತು. ಯಾಕೆ?

ಅಳತೆ ಸರಿ ಇರಲಿಲ್ಲ ಅನಿಸುತ್ತದೆ. ಚಪ್ಪಲಿಯನ್ನೇ ನಾವು ಅಳತೆ ನೋಡಿ ಕೊಳ್ಳುತ್ತೇವೆ. ದಿನಕ್ಕೆ ಹತ್ತು ಗಂಟೆ ಕೂರುವ ಕುರ್ಚಿಯನ್ನು ಮಾತ್ರ ಎಲ್ಲರಿಗೂ ಒಂದೇ ಗಾತ್ರದ್ದು ಹಂಚುತ್ತೇವೆ. ಸೀಟು ಅಗಲವಾದರೆ ಮೈ ಒಂದು ಕಡೆ ವಾಲುತ್ತದೆ, ಬೆನ್ನುಮೂಳೆ ಸೊಟ್ಟಗಾಗುತ್ತದೆ. ಚಕ್ರಕ್ಕೆ ಕೈ ಎಟುಕುವುದಿಲ್ಲ. ಕಾಲಿಡುವ ಹಲಗೆ ಎತ್ತರವಾದರೆ ಮೊಣಕಾಲು ಮೇಲೆದ್ದು ಭಾರವೆಲ್ಲ ಕೂರುವ ಮೂಳೆಯ ಮೇಲೆ ಬೀಳುತ್ತದೆ. ಸೊಂಟದ ಕೆಳಗೆ ಸ್ಪರ್ಶಜ್ಞಾನ ಇಲ್ಲದವರಿಗೆ ನೋವು ಗೊತ್ತಾಗುವುದಿಲ್ಲ. ಅಲ್ಲಿ ಹುಣ್ಣಾಗುತ್ತದೆ. ಮೊದಲು ಮಾಸದ ಕೆಂಪು ಗುರುತು, ಆಮೇಲೆ ಗಾಯ, ನೋಡಿಕೊಳ್ಳದಿದ್ದರೆ ಮೂಳೆವರೆಗೂ ಇಳಿದು ನಂಜಾಗಿ ಜೀವಕ್ಕೇ ಕುತ್ತು.

ಅಣ್ಣ ಪ್ರತಿ ರಾತ್ರಿ ಉದ್ದ ಹಿಡಿಯ ಕನ್ನಡಿ ಹಿಡಿದು ತನ್ನ ಚರ್ಮ ನೋಡಿಕೊಳ್ಳುತ್ತಾನೆ. ಹಗಲು ಕೆಲಸದ ನಡುವೆ ಆಗಾಗ ಎರಡೂ ಕೈ ಊರಿ ಮೈ ಎತ್ತುತ್ತಾನೆ, ಇಲ್ಲವೇ ಮುಂದಕ್ಕೆ ಬಾಗಿ ಭಾರ ಬದಲಿಸುತ್ತಾನೆ. ಇದನ್ನು ಅವನಿಗೆ ಕಲಿಸಿದ್ದು ಅವನ ಹಾಗೇ ವೀಲ್‌ಚೇರ್ ಬಳಸುವ ಒಬ್ಬ ಹಿರಿಯರು. ಕುರ್ಚಿ ಕೊಡುವವರು ಸೊಂಟದ ಅಗಲ, ತೊಡೆಯ ಉದ್ದ, ಮಂಡಿಯಿಂದ ಪಾದದ ಅಳತೆ ತೆಗೆದುಕೊಂಡು ಕೊಡಿ. ಒಳ್ಳೆಯ ದಿಂಬು ಕೊಡಿ, ಬಳಸುವುದು ಕಲಿಸಿ, ಆಮೇಲೆ ರಿಪೇರಿಗೆ ಎಲ್ಲಿ ಹೋಗಬೇಕು ಅಂತ ಹೇಳಿ. ಮಕ್ಕಳು ಬೆಳೆಯುತ್ತಾರೆ, ಅವರ ಕುರ್ಚಿ ಮತ್ತು ಕೃತಕ ಕಾಲು ಆಗಾಗ ಬದಲಾಗಬೇಕು. ಶ್ರವಣಯಂತ್ರಕ್ಕೆ ಬ್ಯಾಟರಿ ಬೇಕು. ಕೊಟ್ಟ ದಿನದ ಫೋಟೋದಲ್ಲಿ ಇವೆಲ್ಲ ಕಾಣುವುದಿಲ್ಲ.

ನೋಡಿಕೊಳ್ಳುವವರಿಗೆ ಏನಾದರೂ ಇದೆಯಾ?

ಇರುವುದು ಕಡಿಮೆ, ಇನ್ನೂ ಹೆಚ್ಚು ಇರಬೇಕಾಗಿತ್ತು. ಮಗನನ್ನು ದಿನಕ್ಕೆ ಎಂಟು ಸಲ ಎತ್ತಿ ಕೂರಿಸುವ ಅಮ್ಮನ ಸೊಂಟಕ್ಕೂ ಒಂದು ಮಿತಿ ಇದೆ. ಎತ್ತುವ ಸರಿಯಾದ ರೀತಿ ಕಲಿಸುವುದು, ತಿಂಗಳಲ್ಲಿ ಕೆಲವು ದಿನವಾದರೂ ಬೇರೆಯವರು ಬಂದು ನೋಡಿಕೊಂಡು ಅವರನ್ನು ನಿದ್ದೆ ಮಾಡಲು ಬಿಡುವುದು, ಇವೂ ಕಲ್ಯಾಣದ ಕೆಲಸವೇ. ಮನೆಗೆ ಬಂದು ನೆರವಾಗುವವರಿದ್ದರೆ ಅಂಗವಿಕಲರೂ ತಮಗೆ ಬೇಕಾದ ಹೊತ್ತಿಗೆ ಎದ್ದು, ಬೇಕಾದ ಕಡೆ ಹೋಗಬಹುದು. 1972ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಎಡ್ ರಾಬರ್ಟ್ಸ್ ಮತ್ತು ಗೆಳೆಯರು ಸ್ವತಂತ್ರ ಜೀವನ ಕೇಂದ್ರ ಕಟ್ಟಿದ್ದು ಇದಕ್ಕೇ. ಪೋಲಿಯೋದಿಂದ ಕತ್ತಿನ ಕೆಳಗೆ ಚಲನೆ ಕಳೆದುಕೊಂಡಿದ್ದ ರಾಬರ್ಟ್ಸ್ ಉಸಿರಾಟಕ್ಕೆ ಯಂತ್ರ ಬಳಸುತ್ತಿದ್ದರು. ಯಾರ ನೆರವು, ಯಾವಾಗ, ಹೇಗೆ ಅನ್ನುವುದನ್ನು ನೆರವು ಪಡೆಯುವವರೇ ನಿರ್ಧರಿಸಬೇಕು ಅನ್ನುವುದು ಅವರ ವಾದ.

ದುಡ್ಡು ಕಡಿಮೆ ಇದೆ. ಎಲ್ಲಿಂದ ಶುರು ಮಾಡಲಿ?

ನಿಮ್ಮ ಜಾಗಕ್ಕೆ ಮೂವರನ್ನು ಕರೆಯಿರಿ. ವೀಲ್‌ಚೇರ್ ಬಳಸುವ ಒಬ್ಬರು, ಕಣ್ಣು ಕಾಣದ ಒಬ್ಬರು, ಕಿವಿ ಕೇಳದ ಒಬ್ಬರು. ಅವರ ಸಮಯಕ್ಕೆ ಸಂಭಾವನೆ ಕೊಡಿ. ರಸ್ತೆಯಿಂದ ಶುರು ಮಾಡಿ ಒಂದು ಇಡೀ ಕೆಲಸ ಮುಗಿಸಲು ಹೇಳಿ. ನೀವು ಹಿಂದೆ ನಡೆಯಿರಿ, ಸಹಾಯ ಮಾಡಬೇಡಿ, ಎಲ್ಲಿ ನಿಂತರು ಅಂತ ಬರೆದುಕೊಳ್ಳಿ. ಆ ಪಟ್ಟಿಯಲ್ಲಿ ಅರ್ಧಕ್ಕರ್ಧ ದುಡ್ಡಿಲ್ಲದೆ ಸರಿಹೋಗುವಂಥವೇ ಇರುತ್ತವೆ: ದಾರಿಗಡ್ಡ ಇಟ್ಟ ಬೆಂಚು, ಶೌಚಾಲಯದ ಬೀಗ, ಸಣ್ಣ ಅಕ್ಷರದ ಫಲಕ, ಕತ್ತಲೆ ಕೌಂಟರು.

ಆ ಹೊಸ್ತಿಲಿನ ಬಗ್ಗೆ ಅಣ್ಣ ಒಂದು ಪತ್ರ ಬರೆದು ಅಳತೆ ಸಮೇತ ಕೊಟ್ಟು ಬಂದಿದ್ದ. ಎರಡು ತಿಂಗಳ ಮೇಲೆ ಹೋದಾಗ ಹೊಸ್ತಿಲಿನ ಎರಡೂ ಬದಿಗೆ ಮರದ ಇಳಿಜಾರು ಹಲಗೆ ಹೊಡೆದಿದ್ದರು, ಮೇಲೆ ಜಾರದ ಪಟ್ಟಿ ಅಂಟಿಸಿದ್ದರು. ನಾನು ಗಾಡಿ ನಿಲ್ಲಿಸಿ ಬರುವಷ್ಟರಲ್ಲಿ ಅಣ್ಣ ಒಳಗೆ ಹೋಗಿ ಸರದಿಯಲ್ಲಿದ್ದ.